ಸ್ತನಾರ್ಬುದದ ಕಾರಣವಿಚಾರ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಸ್ತನರೋಗವನ್ನು ಕುರಿತು ಒಂದು ಮಾತುಂಟು. ಕನ್ಯೆಯರ ಸ್ತನಗಳಲ್ಲಿಯ ಧಮನಿಗಳ ಬಾಯಿ ಮುಚ್ಚಿಕೊಂಡಿರುವುದರಿಂದ ದೋಷಗಳು ಒಳಹೊಗಲಾರವು, ಆದಕಾರಣ ಅವರಿಗೆ ಸ್ತನರೋಗವಿಲ್ಲ. ಗರ್ಭಿಣಿಯರಲ್ಲಿಯೂ ಹೆತ್ತವರಲ್ಲಿಯೂ ಆ ಬಾಯಿಗಳು ತಾವಾಗಿ ತೆರೆಯುವುದರಿಂದ ರೋಗಕ್ಕೆ ಎಡೆಯುಂಟು ಎಂಬುದು ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ಇದನ್ನು ಓದಿದ ದಿನ ನಮಗೆ ನಮ್ಮ ಅಜ್ಜಿಯ ತಂಗಿ ನೆನಪಾದರು. ಸುರಪುರದ ಮನೆಯಲ್ಲಿ ಎಲ್ಲರೂ ಅವರನ್ನು ಮಡಿ ಅಜ್ಜಿ ಎಂದೇ ಕರೆಯುತ್ತಿದ್ದರು. ಒಂಬತ್ತನೆಯ ವರ್ಷಕ್ಕೆ ಮದುವೆಯಾಗಿ, ಗಂಡನ ಮನೆಯ ಹೊಸ್ತಿಲು ತುಳಿಯುವ ಮೊದಲೇ ವಿಧವೆಯಾದವರು. ಬಸಿರು ಬಾಣಂತನಗಳನ್ನು ಕಂಡವರಲ್ಲ. ನಮಗೆ ಹತ್ತು ವರ್ಷವಿದ್ದಾಗ ಅವರು ಎದೆಯ ವ್ರಣದಿಂದಲೇ ತೀರಿಕೊಂಡರು. ಗಡ್ಡೆಯನ್ನು ಎರಡು ವರ್ಷ ಸೆರಗಿನಡಿಯಲ್ಲಿ ಬಚ್ಚಿಟ್ಟು, ಯಾರಿಗೂ ಹೇಳದೆ ಅರಿಸಿನದ ಲೇಪ ಹಚ್ಚಿಕೊಳ್ಳುತ್ತಿದ್ದರಂತೆ. ಹುಣ್ಣು ಒಡೆದು ವಾಸನೆ ಬಂದಾಗಲೇ ಮನೆಯವರಿಗೆ ತಿಳಿದದ್ದು.

ಶಾಸ್ತ್ರವು ಸುಳ್ಳಾಯಿತೆ? ಬಹುದಿನ ಈ ಸಂದೇಹ ನಮ್ಮನ್ನು ಕಾಡಿತು. ಆಮೇಲೆ ಮುಂದಿನ ಅಧ್ಯಾಯವನ್ನು ನೋಡಲಾಗಿ ತಪ್ಪು ಓದಿದವನದೆಂದು ತಿಳಿಯಿತು. ಅಲ್ಲಿ ಅರ್ಬುದವನ್ನು ಬೇರೆಯಾಗಿ ವರ್ಣಿಸಿದ್ದಾರೆ: ದುಂಡಗಿರುವುದು, ಅಲುಗದಿರುವುದು, ನೋವು ಸ್ವಲ್ಪ, ಬೇರು ಆಳ, ಬೆಳವಣಿಗೆ ನಿಧಾನ, ಕೀವಾಗಿ ಪಕ್ವವಾಗದು. ಹಿಂದಿನ ಅಧ್ಯಾಯದ ಸ್ತನರೋಗವಾದರೋ ಹಾಲೂಡುವ ತಾಯಂದಿರಿಗೆ ಬರುವ ಬಾವು. ಬಾವಿನ ಮಾತನ್ನು ಅರ್ಬುದಕ್ಕೆ ಹಚ್ಚಿದರೆ ಅನರ್ಥವಾಗುವುದು ಸಹಜ.

ಕನ್ಯೆಯರಿಗೂ ಅರ್ಬುದಕ್ಕೂ ಇರುವ ನಂಟನ್ನು ಬರಹದಲ್ಲಿ ಮುಖ್ಯವಾಗಿ ಎತ್ತಿಹಿಡಿದವನು ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಝಿನಿ. ಕಸುಬುಗಳಿಂದ ಬರುವ ರೋಗಗಳನ್ನು ಕುರಿತ ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ, ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಈ ವ್ಯಾಧಿ ವಿಶೇಷವಾಗಿ ಕಾಣುತ್ತದೆಂದು ಆತ ಬರೆದನು. 1842ರಲ್ಲಿ ರಿಗೋನಿ-ಸ್ಟೆರ್ನ್ ಎಂಬಾತನು ವೆರೋನಾ ಪಟ್ಟಣದಲ್ಲಿ 1760ರಿಂದ 1839ರವರೆಗೆ ಸತ್ತವರ ದಾಖಲೆಗಳನ್ನು ಎಣಿಸಿ, ಸನ್ಯಾಸಿನಿಯರಲ್ಲಿ ಸ್ತನದ ಅರ್ಬುದ ಹೆಚ್ಚು, ಗರ್ಭಾಶಯದ ಅರ್ಬುದ ಕಡಿಮೆ ಎಂದು ತೋರಿಸಿದನು. ಈ ಎರಡನೆಯ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಮುಂದೆ ಪ್ರಯೋಜನಕ್ಕೆ ಬರುವುದು. ಮಠದ ಪುಸ್ತಕದಲ್ಲಿ ಆ ಸನ್ಯಾಸಿನಿಯರ ಹೆಸರೂ ಮರಣದ ಕಾರಣವೂ ಉಳಿದವು. ನಮ್ಮ ಮಡಿ ಅಜ್ಜಿಯ ಹೆಸರು ಮನೆಯ ಶ್ರಾದ್ಧದ ತಿಥಿಯಲ್ಲಿ ಮಾತ್ರ ಉಳಿದಿದೆ.

ಕಾರಣವೇನೆಂಬುದಕ್ಕೆ ಮೊದಲ ಸುಳಿವು ದೊರೆತದ್ದು ಗೋಶಾಲೆಯಿಂದಲೆಂದರೆ ಆಶ್ಚರ್ಯವಾದೀತು. ಅಂಡಾಶಯವನ್ನು ತೆಗೆದ ಹಸು ಹೆಚ್ಚುಕಾಲ ಹಾಲು ಕೊಡುವುದೆಂದು ಕೆಲವು ದೇಶಗಳ ರೈತರು ಬಲ್ಲರೆಂಬುದನ್ನು ಅರಿತ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯನು, ಅಂಡಾಶಯಕ್ಕೂ ಸ್ತನಕ್ಕೂ ಅಂತಸ್ಸಂಬಂಧವಿರಬೇಕೆಂದು ತರ್ಕಿಸಿದನು. ರೋಗ ಉಲ್ಬಣಿಸಿದ್ದ ಸ್ತ್ರೀಯರ ಅಂಡಾಶಯಗಳನ್ನು ತೆಗೆದು ಗಡ್ಡೆ ಕುಗ್ಗಿದ್ದನ್ನು 1896ರಲ್ಲಿ ಪ್ರಕಟಿಸಿದನು. ‘ಹಾರ್ಮೋನು’ ಎಂಬ ಹೆಸರು ಹುಟ್ಟಿದ್ದೇ 1905ರಲ್ಲಿ; ಹೆಸರಿಗಿಂತ ಮೊದಲೇ ಚಿಕಿತ್ಸೆ ಹುಟ್ಟಿತು. ಅಂಡಾಶಯದ ರಸಗಳಾದ ಈಸ್ಟ್ರೊಜನ್ ಮತ್ತು ಪ್ರೊಜೆಸ್ಟರೋನುಗಳು ಪ್ರತಿ ಋತುಚಕ್ರದಲ್ಲಿಯೂ ಸ್ತನದ ಜೀವಕೋಶಗಳನ್ನು ಒಡೆದು ಹೆಚ್ಚುವಂತೆ ಪ್ರೇರಿಸುತ್ತವೆ. ಬೇಗ ಮೈನೆರೆದು ತಡವಾಗಿ ಮುಟ್ಟು ನಿಂತವರಲ್ಲಿ ಈ ಪ್ರೇರಣೆಯ ಕಾಲ ದೀರ್ಘ. ಬಸಿರು ಆ ಕೋಶಗಳನ್ನು ಪಕ್ವಗೊಳಿಸುತ್ತದೆ.

1926ರಲ್ಲಿ ಇಂಗ್ಲೆಂಡಿನ ಜ್ಯಾನೆಟ್ ಲೇನ್-ಕ್ಲೇಪನ್ ಎಂಬ ವಿದುಷಿಯು ಸುಮಾರು 500 ರೋಗಿಗಳನ್ನೂ ಅಷ್ಟೇ ಸಂಖ್ಯೆಯ ರೋಗವಿಲ್ಲದವರನ್ನೂ ಹೋಲಿಸಿ, ಮಕ್ಕಳು ಕಡಿಮೆಯಾದವರಲ್ಲಿಯೂ ತಡವಾಗಿ ಮದುವೆಯಾದವರಲ್ಲಿಯೂ ರೋಗ ಹೆಚ್ಚೆಂದು ಕಂಡಳು. ಹದಿನೆಂಟರೊಳಗೆ ಮೊದಲ ಮಗುವನ್ನು ಹೆತ್ತವರಿಗೆ ಈ ಅಪಾಯ, ಮೂವತ್ತೈದರ ಅನಂತರ ಹೆತ್ತವರಿಗಿರುವುದರ ಮೂರನೆಯ ಒಂದು ಪಾಲಷ್ಟೇ ಎಂದು 1970ರ ಒಂದು ಅಂತರರಾಷ್ಟ್ರೀಯ ಅಧ್ಯಯನ ಹೇಳಿತು. ಮೂವತ್ತು ದೇಶಗಳ 47 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಲೆಕ್ಕಹಾಕಿದಾಗ, ಹನ್ನೆರಡು ತಿಂಗಳು ಮೊಲೆಯೂಡಿದರೆ ಅಪಾಯ ನೂರಕ್ಕೆ 4.3ರಷ್ಟು ಇಳಿಯುವುದೆಂದು ತಿಳಿಯಿತು.

ಇಷ್ಟನ್ನು ಓದಿ ಯಾರಾದರೂ, ನಮ್ಮ ಹಿರಿಯರ ಬಾಲ್ಯವಿವಾಹವೇ ಲೇಸೆಂದು ಹೇಳಬಹುದು. ಶಹಾಪುರದ ಒಂದು ಮದುವೆಯ ಪಂಕ್ತಿಯಲ್ಲಿ ಒಬ್ಬ ಸದ್ಗೃಹಸ್ಥರು ಹಾಗೆ ಹೇಳಿಯೂ ಬಿಟ್ಟರು. ಅದು ಅರ್ಧ ಲೆಕ್ಕ. ವೆರೋನಾದ ಪಟ್ಟಿಯ ಇನ್ನೊಂದು ಅಂಕಣವನ್ನು ನೋಡಬೇಕು. ಎಳೆಯ ವಯಸ್ಸಿನ ದಾಂಪತ್ಯವೂ ಮೇಲಿಂದ ಮೇಲೆ ಹೆರಿಗೆಯೂ ಗರ್ಭಾಶಯದ ಕೊರಳಿನ ಅರ್ಬುದವನ್ನು ಹೆಚ್ಚಿಸುತ್ತವೆ. ನಮ್ಮ ನೆರೆಯ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಹಳ್ಳಿಗರ ಅರ್ಬುದಗಳನ್ನು ದಾಖಲಿಸುತ್ತ ಬಂದಾಗ ಸ್ತ್ರೀಯರಲ್ಲಿ ಮೇಲುಗೈಯಾದದ್ದು ಆ ರೋಗವೇ. ಹದಿನಾರರ ಹುಡುಗಿ ಹೆರಿಗೆಯಲ್ಲಿ ಸತ್ತರೆ ಆಕೆಗೆ ಅರವತ್ತರಲ್ಲಿ ಯಾವ ಅರ್ಬುದವೂ ಬಾರದು, ಇದನ್ನು ರಕ್ಷಣೆಯೆನ್ನುವರೆ? ಮಡಿ ಅಜ್ಜಿಯನ್ನು ಬಂಜೆಯಾಗಿಟ್ಟದ್ದೂ ಆ ಬಾಲ್ಯವಿವಾಹವೇ ಅಲ್ಲವೆ!

ಬೆಂಗಳೂರಿನಲ್ಲಿ 1982ರಲ್ಲಿ ಅರ್ಬುದದ ದಾಖಲೆ ಆರಂಭವಾದಾಗ ಗರ್ಭಾಶಯದ ಕೊರಳಿನದೇ ಮೊದಲ ಸ್ಥಾನ. ಅನಂತರ ಸ್ತನದ್ದು ಅದನ್ನು ಮೀರಿತು. ನಗರದ ಬದುಕು ನಮ್ಮ ಕಡೆಗೂ ಬರುತ್ತಿದೆ. ಬೀಸುಕಲ್ಲು ಮೂಲೆ ಸೇರಿತು, ಕೃಷ್ಣೆಯ ಕಾಲುವೆ ಬಂದಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಯಿತು. ಮುಟ್ಟು ನಿಂತ ಮೇಲೆ ಮೈಯಲ್ಲಿ ಕೂಡುವ ಕೊಬ್ಬೇ ಈಸ್ಟ್ರೊಜನ್ ತಯಾರಿಸುವುದರಿಂದ ಆ ವಯಸ್ಸಿನ ಸ್ಥೂಲತೆ ಅಪಾಯಕರ. ನಡಿಗೆ, ದುಡಿಮೆಗಳು ಅದನ್ನು ತಗ್ಗಿಸುತ್ತವೆ. ಮದ್ಯವು ಸ್ವಲ್ಪವಾದರೂ ಹೆಚ್ಚಿಸುತ್ತದೆ. ಮುಟ್ಟು ನಿಂತವರಿಗೆ ಕೊಡುತ್ತಿದ್ದ ಜೋಡು ಹಾರ್ಮೋನಿನ ಗುಳಿಗೆಗಳನ್ನು 16,608 ಸ್ತ್ರೀಯರಲ್ಲಿ ಪರೀಕ್ಷಿಸುತ್ತಿದ್ದ ಅಮೆರಿಕದ ಪ್ರಯೋಗವನ್ನು, ಈ ರೋಗ ಹೆಚ್ಚಿತೆಂದು 2002ರಲ್ಲಿ ನಡುವೆಯೇ ನಿಲ್ಲಿಸಿದರು.

ಆದರೆ ಹೆತ್ತವರಿಗೆ, ಮೊಲೆಯೂಡಿದವರಿಗೆ, ತೆಳ್ಳಗೆ ದುಡಿಯುವವರಿಗೆ ರೋಗ ಬಾರದೆಂದಲ್ಲ. ಆರು ಮಕ್ಕಳ ತಾಯಿ ತನಗೆ ಭಯವಿಲ್ಲವೆಂದು ಗಡ್ಡೆಯನ್ನು ಅಲಕ್ಷಿಸಿದರೆ, ಸುಶ್ರುತನನ್ನು ತಪ್ಪಾಗಿ ಓದಿದ ನಮ್ಮ ತಪ್ಪನ್ನೇ ಆಕೆ ಮಾಡಿದಂತೆ. ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಓದುಬಲ್ಲ ಸ್ತ್ರೀಯರು ನೂರಕ್ಕೆ 42ರೊಳಗೆ; ಆದ್ದರಿಂದ ಈ ಮಾತನ್ನು ಬರೆದರೆ ಸಾಲದು, ಓದಿದ ಮನೆಯವರು ನೆರೆಯವರಿಗೆ ಬಾಯಿಮಾತಿನಲ್ಲಿ ಹೇಳಬೇಕಾಗುತ್ತದೆ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಮೂವತ್ತು ದಾಟಿದ ಸ್ತ್ರೀಯರ ಎದೆಯನ್ನು ಪರೀಕ್ಷಿಸುವ ಏರ್ಪಾಡು ಸರ್ಕಾರದ ಆರೋಗ್ಯಕೇಂದ್ರಗಳಲ್ಲಿಯೂ ಉಂಟು. ಹೋದ ತಿಂಗಳು ಆಶಾ ಕಾರ್ಯಕರ್ತೆಯೊಬ್ಬಳು ನಮ್ಮ ಮನೆಗೆ ಬಂದು ಇದನ್ನು ಹೇಳಿದಾಗ, ನಾವು ಪಡಸಾಲೆಯಿಂದ ಎದ್ದು ಅಂಗಳಕ್ಕೆ ಹೋದೆವು. ನಮ್ಮ ಮನೆಯವರು ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಮಾರನೆಯ ದಿನ ಸೊಸೆಯೊಡನೆ ಆರೋಗ್ಯಕೇಂದ್ರಕ್ಕೆ ಹೋಗಿಬಂದರು.