ರೋಮನ್ ಸೈನಿಕನ ಪೇ ಸ್ಲಿಪ್

ರೋಮನ್ ಸೈನಿಕ ಅಂದ ಕೂಡಲೇ ನಮಗೆ ನೆನಪಾಗೋದು ಸಿನಿಮಾದ ಕೆಂಪು ಬಟ್ಟೆ, ಗುರಾಣಿ, ವೀರಾವೇಶದ ಭಾಷಣ. ನಾನು ಬಿಕಾಂ ಓದಿದವನು, ನನ್ನ ಕಣ್ಣು ಹೋಗಿದ್ದು ಅವನ ಸಂಬಳದ ಚೀಟಿ ಕಡೆಗೆ. ಹೌದು, ಅಂಥದ್ದೊಂದು ನಿಜವಾಗಿಯೂ ಸಿಕ್ಕಿದೆ. ಇಸ್ರೇಲ್‌ನ ಮಸಾಡ ಕೋಟೆಯಲ್ಲಿ ದೊರೆತ, ಕ್ರಿ.ಶ. 70ರ ದಶಕದ ಒಂದು ಪಪೈರಸ್ ಚೂರು. ಬೀರುತ್ ಮೂಲದ ಗಾಯಸ್ ಮೆಸ್ಸಿಯಸ್ ಎಂಬ ಸೈನಿಕನಿಗೆ ಬಂದ ಕಂತು 50 ದಿನಾರಿ, ಅಂದ್ರೆ 50 ಬೆಳ್ಳಿ ನಾಣ್ಯ. ಅದರಲ್ಲಿ ಬಾರ್ಲಿಗೆ 16, ಬೂಟಿಗೆ 5, ಚರ್ಮದ ಪಟ್ಟಿಗೆ 2, ನಾರುಬಟ್ಟೆಯ ಅಂಗಿಗೆ 7 ಕಟ್. ಊಟದ ಖರ್ಚು ಬೇರೆ. ವಿದ್ವಾಂಸರು ಓದಿರೋ ಪ್ರಕಾರ ಕೊನೆಗೆ ಉಳಿದದ್ದು ಸೊನ್ನೆ!

ಮತ್ಯಾಕೆ ದುಡೀತಿದ್ರು? ಒಂದು ಕಾರಣ, ನಿವೃತ್ತಿಯ ಇಡಿಗಂಟು. ಚಕ್ರವರ್ತಿ ಅಗಸ್ಟಸ್ ಕ್ರಿ.ಶ. 6ರಲ್ಲಿ ಇದಕ್ಕೇ ಒಂದು ಪ್ರತ್ಯೇಕ ಖಜಾನೆ ಮಾಡಿದ. ಪಿತ್ರಾರ್ಜಿತ ಆಸ್ತಿಯ ಮೇಲೆ ಶೇ. 5 ತೆರಿಗೆ ಹಾಕಿ ಅದನ್ನ ತುಂಬಿಸ್ದ. ಶ್ರೀಮಂತರು ಗೊಣಗಿದ್ರು, ಅದು ಬಿಡಿ. ಲೀಜನ್ ಸೈನಿಕನ ವರ್ಷದ ಸಂಬಳ 225 ದಿನಾರಿ, ನಿವೃತ್ತಿಗೆ ಸಿಗೋದು 3,000. ಅಂದ್ರೆ ಹದಿಮೂರು ವರ್ಷದ ಸಂಬಳ ಒಟ್ಟಿಗೆ.

ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಕ್ರಿ.ಶ. 14ರಲ್ಲಿ ಅಗಸ್ಟಸ್ ಸತ್ತ. ಸುದ್ದಿ ಗಡಿ ಮುಟ್ಟಿದ ಕೂಡಲೇ ಡ್ಯಾನ್ಯೂಬ್ ಕಡೆಯ ಸೈನ್ಯ, ರೈನ್ ನದಿಯ ಸೈನ್ಯ ಎರಡೂ ದಂಗೆ ಎದ್ದವು. ಅವಧಿ ಮುಗಿದರೂ ಬಿಡುಗಡೆ ಇಲ್ಲ, ಬಿಟ್ಟರೂ ಕೊಡೋ ಜಮೀನು ಜೌಗು, ಇಲ್ಲವೇ ಕಲ್ಲುಗುಡ್ಡ. ರೈನ್ ದಂಡೆಗೆ ಸಮಾಧಾನ ಮಾಡೋಕೆ ಬಂದ ಸೇನಾಪತಿ ಜರ್ಮಾನಿಕಸ್‌ನ ಕೈಗೆ ಮುತ್ತಿಡುವವರಂತೆ ಹಿಡಿದು, ಕೆಲವರು ಅವನ ಬೆರಳನ್ನ ತಮ್ಮ ಬಾಯೊಳಗೆ ಇಟ್ಟುಕೊಂಡ್ರು ಅಂತ ಇತಿಹಾಸಕಾರ ಟ್ಯಾಸಿಟಸ್ ಬರೀತಾನೆ. ಯಾಕೆ ಗೊತ್ತಾ? ಹಲ್ಲಿಲ್ಲದ ವಸಡನ್ನ ಮುಟ್ಟಿ ನೋಡಲಿ ಅಂತ. ಅಷ್ಟು ವಯಸ್ಸಾದವರು ಇನ್ನೂ ಪಹರೆಯಲ್ಲಿದ್ರು.

ಇವರು ಹೇಡಿಗಳಲ್ಲ. ದಂಗೆ ಎದ್ದದ್ದು ಲೆಕ್ಕ ತಪ್ಪಿದ್ದಕ್ಕೆ. ನನ್ನ ಪ್ರಕಾರ ದುಡ್ಡಿನಿಂದ ದಂಗೆ ಅರ್ಥವಾಗುತ್ತೆ, ಧೈರ್ಯ ಅರ್ಥವಾಗಲ್ಲ. ಈಟಿ ಎದುರಿಗೆ ಬಂದಾಗ ಯಾರೂ 3,000 ಎಣಿಸ್ತಾ ನಿಲ್ಲಲ್ಲ.

ಅಲ್ಲಿ ನಿಲ್ಲಿಸಿದ್ದು ಡೇರೆ ಅನ್ನಿಸುತ್ತೆ. ಒಂದು ಡೇರೆಗೆ ಎಂಟು ಜನ, ಒಟ್ಟಿಗೆ ಅಡುಗೆ, ಒಟ್ಟಿಗೆ ನಿದ್ದೆ, ವರ್ಷಗಟ್ಟಲೆ. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಬಗ್ಗೆ ಶಿಲ್ಸ್ ಮತ್ತು ಜನೋವಿಟ್ಜ್ 1948ರಲ್ಲಿ ಬರೆದದ್ದೂ ಇದನ್ನೇ: ಸಿದ್ಧಾಂತಕ್ಕಿಂತ ಹೆಚ್ಚಾಗಿ, ಪಕ್ಕದ ಗೆಳೆಯರ ಗುಂಪು ಒಡೆಯದೆ ಇರೋವರೆಗೆ ಅವರು ಕಾದಾಡ್ತಿದ್ರು. ರೋಮನ್ನರು ಇನ್ನೂ ಚಾಲಾಕಿಗಳು. ಸೈನಿಕನ ಉಳಿತಾಯದ ಹಣವನ್ನ ಪಡೆಯ ಧ್ವಜಗಳ ಹತ್ತಿರವೇ ಇಡಿಸ್ತಿದ್ರು. ಧ್ವಜ ಹೋದ್ರೆ ಮಾನವೂ ಹೋಯ್ತು, ಉಳಿತಾಯವೂ ಹೋಯ್ತು! ಕ್ರಿ.ಶ. 89ರಲ್ಲಿ ಸ್ಯಾಟರ್ನಿನಸ್ ಎಂಬ ಅಧಿಕಾರಿ ಬಂಡೆದ್ದಾಗ ಇದೇ ಠೇವಣಿ ಅವನ ಬಲವಾಯ್ತು. ಆಮೇಲೆ ಚಕ್ರವರ್ತಿ ಡೊಮಿಷಿಯನ್ ಠೇವಣಿಗೇ ಮಿತಿ ಹಾಕಿದ.

ಈಗ ನಮ್ಮ ಕಾಲಕ್ಕೆ ಬನ್ನಿ. ಬೆಳಗಿನ ಜಾವ ಹೈಸ್ಕೂಲ್ ಮೈದಾನದಲ್ಲಿ 1,600 ಮೀಟರ್ ಓಡ್ತಿರೋ ಹುಡುಗರನ್ನ ನೀವೂ ನೋಡಿರ್ತೀರಿ, ಬಹುಶಃ ನೀವೇ ಓಡ್ತಿರ್ತೀರಿ. 2022ರ ಅಗ್ನಿಪಥದ ಲೆಕ್ಕ ಹೀಗಿದೆ: ನಾಲ್ಕು ವರ್ಷ ಸೇವೆ, ಕೊನೆಗೆ ಸುಮಾರು 11.71 ಲಕ್ಷ. ಅದರಲ್ಲಿ ಅರ್ಧ ಅವನದೇ ಸಂಬಳದಿಂದ ಕಡಿತವಾದದ್ದು. ನಾಲ್ಕು ವರ್ಷಕ್ಕೆ ಹೊರಗೆ ಬಂದವರಿಗೆ ಪಿಂಚಣಿ ಇಲ್ಲ. ರೋಮನ್‌ನ ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಇದನ್ನ ನೇರ ಹೋಲಿಸೋದು ನ್ಯಾಯವಲ್ಲ, ಇವನು ಇಪ್ಪತ್ತೈದರ ಆಸುಪಾಸಿಗೇ ಹೊರಗೆ ಬರ್ತಾನೆ, ಬೇರೆ ಕೆಲಸ ಹುಡುಕಬಹುದು. ನನಗೆ ಕುತೂಹಲ ಇರೋದು ದುಡ್ಡಿನ ಬಗ್ಗೆ ಅಲ್ಲ. ನಿಯಮದ ಪ್ರಕಾರ ಕಾಯಂ ಆಗೋದು ಗರಿಷ್ಠ ಶೇ. 25. ಎಂಟು ಜನರ ಡೇರೆ ಅಂದುಕೊಳ್ಳಿ. ಅಲ್ಲಿ ಉಳಿಯೋದು ಇಬ್ಬರು, ಆ ಇಬ್ಬರು ಯಾರು ಅಂತ ನಾಲ್ಕು ವರ್ಷ ಎಂಟೂ ಜನ ಯೋಚಿಸ್ತಿರ್ತಾರೆ.