ನಡುವೆ ತಣ್ಣಗಿರುವ ನಕ್ಷತ್ರ

ಆಫೀಸಿನ ಮೈಕ್ರೋವೇವ್‌ನಲ್ಲಿ ಬಿಸಿಬೇಳೆಬಾತ್ ಇಟ್ಟವರಿಗೆಲ್ಲ ಗೊತ್ತು: ಅಂಚಿನಲ್ಲಿ ನಾಲಿಗೆ ಸುಡುತ್ತೆ, ನಡುವೆ ಫ್ರಿಜ್‌ನ ತಂಪು ಹಾಗೇ ಇರುತ್ತೆ. ಕೆಲವು ನಕ್ಷತ್ರಗಳ ತಿರುಳಿನಲ್ಲೂ ಹೀಗೇ ಅಂತ ಓದಿದಾಗ ನಾನು ನಂಬಲಿಲ್ಲ. ನಟ್ಟನಡುವೆಯೇ ಹೆಚ್ಚು ಬಿಸಿ ಅಂತಲ್ವಾ ನಾವು ಶಾಲೆಯಲ್ಲಿ ಕಲಿತದ್ದು?

ಸೂರ್ಯನಿಗಿಂತ ಎಂಟ್ಹತ್ತು ಪಟ್ಟು ತೂಕದ ನಕ್ಷತ್ರಗಳ ಕಥೆ ಬೇರೆ. ಹೈಡ್ರೋಜನ್, ಆಮೇಲೆ ಹೀಲಿಯಂ ಉರಿದು ಮುಗಿದ ಮೇಲೆ ತಿರುಳಿನಲ್ಲಿ ಕಾರ್ಬನ್, ಆಕ್ಸಿಜನ್ ಉಳಿಯುತ್ತವೆ. ತಿರುಳು ಕುಗ್ಗುತ್ತಾ ಬಿಸಿಯೇರುತ್ತದೆ. ಆದರೆ ಅತಿ ದಟ್ಟವಾದ ಕೇಂದ್ರದ ಶಾಖವನ್ನು ನ್ಯೂಟ್ರಿನೋ ಕಣಗಳು ಹೊತ್ತುಕೊಂಡು ಹೊರಗೆ ಓಡಿಬಿಡುತ್ತವೆ. ಹಾಗಾಗಿ ಕಾರ್ಬನ್ ಉರಿಯಲು ಬೇಕಾದ ಸುಮಾರು 60 ಕೋಟಿ ಡಿಗ್ರಿ ಬಿಸಿ ಮೊದಲು ಬರುವುದು ಕೇಂದ್ರಕ್ಕಲ್ಲ, ಅದರಾಚೆಯ ಪದರಕ್ಕೆ. ಅಲ್ಲಿ ಹೊತ್ತಿದ ಜ್ವಾಲೆ ಒಳಮುಖವಾಗಿ ತೆವಳುತ್ತಾ, ಸಾವಿರಾರು ವರ್ಷ ತೆಗೆದುಕೊಂಡು ನಡುವಿಗೆ ಬರುತ್ತದೆ. ಉಳಿಯುವ ಬೂದಿ ಹೆಚ್ಚಾಗಿ ಆಕ್ಸಿಜನ್ ಮತ್ತು ನಿಯಾನ್, ಜೊತೆಗೆ ಒಂದಿಷ್ಟು ಸೋಡಿಯಂ, ಮೆಗ್ನೀಸಿಯಂ.

ಹೊರಪದರಗಳು ಬೇಗ ಹಾರಿಹೋದರೆ ಈ ಬೂದಿ ಶ್ವೇತಕುಬ್ಜವಾಗಿ ತಣ್ಣಗಾಗುತ್ತದೆ. ಹಾಗಾಗದೆ ತಿರುಳು ಬೆಳೆಯುತ್ತಲೇ ಹೋದರೆ? 1980ರಲ್ಲಿ ಜಪಾನಿನ ಮಿಯಾಜಿ, ನೊಮೊಟೊ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ತಿರುಳು ಚಂದ್ರಶೇಖರ್ ಮಿತಿಯ ಹತ್ತಿರ ಬಂದಾಗ ಮೆಗ್ನೀಸಿಯಂ, ನಿಯಾನ್ ನ್ಯೂಕ್ಲಿಯಸ್‌ಗಳು ಎಲೆಕ್ಟ್ರಾನ್‌ಗಳನ್ನೇ ನುಂಗತೊಡಗುತ್ತವೆ. ತಿರುಳನ್ನು ಎತ್ತಿ ಹಿಡಿದಿದ್ದದ್ದೇ ಆ ಎಲೆಕ್ಟ್ರಾನ್‌ಗಳ ಒತ್ತಡ. ಆಸರೆ ತಪ್ಪಿತು, ತಿರುಳು ಕುಸಿಯಿತು, ನಕ್ಷತ್ರ ಸಿಡಿಯಿತು.

ಇಂಥದ್ದನ್ನು ಯಾರಾದರೂ ನೋಡಿದ್ದಾರಾ? 1982ರಲ್ಲಿ ನೊಮೊಟೊ ಮತ್ತು ಜೊತೆಗಾರರು ತೋರಿಸಿದ್ದು ಏಡಿ ನೆಬುಲಾವನ್ನು. 1054ರ ಜುಲೈ 4ರಂದು ಚೀನಾದ ಸಾಂಗ್ ಆಸ್ಥಾನದ ಖಗೋಳಜ್ಞರು ಒಂದು 'ಅತಿಥಿ ನಕ್ಷತ್ರ'ವನ್ನು ದಾಖಲಿಸಿದ್ದರು. ಅದು 23 ದಿನ ಹಗಲಲ್ಲೂ ಕಂಡಿತ್ತು. ಏಡಿ ನೆಬುಲಾ ಅದರದ್ದೇ ಅವಶೇಷ. ಅಲ್ಲಿ ಹೀಲಿಯಂ ಧಾರಾಳ, ಸ್ಫೋಟದ ಶಕ್ತಿ ಮಾತ್ರ ಕಮ್ಮಿ. ಲೆಕ್ಕಕ್ಕೆ ಹೊಂದುತ್ತಿತ್ತು.

ಆದರೆ ಹೊಂದುವುದೇ ಸಾಕ್ಷಿಯಲ್ಲ. 2018ರ ಮಾರ್ಚ್‌ನಲ್ಲಿ ಜಪಾನಿನ ಹವ್ಯಾಸಿ ವೀಕ್ಷಕ ಕೊಇಚಿ ಇತಗಾಕಿ ಒಂದು ಸೂಪರ್‌ನೋವಾ ಪತ್ತೆ ಹಚ್ಚಿದರು. ಅದು ಇದೇ ಬಗೆಯದು ಎಂದು 2021ರಲ್ಲಿ ಒಂದು ತಂಡ ವಾದಿಸಿತು. 41 ವರ್ಷಗಳ ನಂತರ, ಲೇಖಕರ ಪಟ್ಟಿಯಲ್ಲಿ ನೊಮೊಟೊ ಹೆಸರೂ ಇತ್ತು! ಅದರ ದೂರದ ಬಗ್ಗೆ ತಕರಾರು ಎದ್ದು, ಚರ್ಚೆ ಇನ್ನೂ ಮುಗಿದಿಲ್ಲ.

ನನಗೆ ನೆನಪಾಗುವುದು ಮಾತ್ರ ಆ ಆಸ್ಥಾನದವರು. ಕಾರ್ಬನ್ನೂ ಗೊತ್ತಿಲ್ಲ, ನ್ಯೂಟ್ರಿನೋನೂ ಗೊತ್ತಿಲ್ಲ. ಆದರೂ ಕಂಡದ್ದನ್ನು ದಿನಾಂಕ ಹಾಕಿ ಬರೆದಿಟ್ಟರು. ಮೀಟಿಂಗ್ ನೋಟ್ಸ್ ಬರೆಯಲು ಸೋಮಾರಿತನ ಬಂದಾಗಲೆಲ್ಲ ಈಗ ನನಗೆ ಸ್ವಲ್ಪ ನಾಚಿಕೆಯಾಗುತ್ತೆ.