ಗೋಡೆಯಾಚೆಗಿನ ಯೋಜನೆ

ನಾಶಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕೆಂದರೆ ದ್ರಾಕ್ಷಿ ತೋಟಗಳೂ ಲಾಸಲ್‌ಗಾಂವದ ಈರುಳ್ಳಿ ಮಾರುಕಟ್ಟೆಯೂ ನೆನಪಾಗುತ್ತವೆ. ಕನ್ನಡಿಗರಾದ ನಮಗೆ ಇನ್ನೊಂದು ನಂಟೂ ಉಂಟು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಯು 1964ರಲ್ಲಿ ಏರೋನಾಟಿಕ್ಸ್ ಇಂಡಿಯಾ ಸಂಸ್ಥೆಯೊಡನೆ ಬೆರೆತು ಇಂದಿನ ಎಚ್‌ಎಎಲ್ ಆಯಿತು. ಮಿಗ್-21 ವಿಮಾನಗಳ ಒಡಲನ್ನು ಕಟ್ಟುವ ಕೆಲಸ ಈ ತಾಲ್ಲೂಕಿನ ಓಝರ್‌ಗೆ ಬಂದಿತು.

ಲೋಹಕ್ಕೆ ಲೇಪ ಕೊಡುವ, ಬಣ್ಣ ಬಳಿಯುವ ಯಾವುದೇ ಕಾರ್ಖಾನೆಯಲ್ಲಿ ವಿಷಯುಕ್ತ ಕೆಸರು, ದ್ರಾವಕ, ಬಳಸಿದ ಎಣ್ಣೆ ಉಳಿಯುತ್ತವೆ. ಅವಕ್ಕೆ ಬೆಂಕಿ ತಗುಲಿದರೆ, ಪೀಪಾಯಿ ಒಡೆದರೆ ಯಾರು ಏನು ಮಾಡಬೇಕು? ಇದನ್ನು ಮುಂಚೆಯೇ ಬರೆದಿಡಬೇಕೆಂಬ ಕಟ್ಟುಪಾಡು ನಮ್ಮ ದೇಶದಲ್ಲಿ ಬಲಗೊಂಡದ್ದು ಭೋಪಾಲದ ಬಳಿಕ.

1984ರ ಡಿಸೆಂಬರ್ 2-3ರ ರಾತ್ರಿ ಅಲ್ಲಿ ಅನಿಲ ಸೋರಿದಾಗ, ಅದೇನೆಂದಾಗಲಿ ಎತ್ತ ಓಡಬೇಕೆಂದಾಗಲಿ ನೆರೆಯ ಬಸ್ತಿಗಳ ಜನಕ್ಕೆ ತಿಳಿದಿರಲಿಲ್ಲ. 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಹೊರೆಗೂ ತಿಳಿಸುವುದು ಕಾರ್ಖಾನೆಯ ಹೊಣೆಯಾಯಿತು. 1989ರಲ್ಲಿ ಎರಡು ನಿಯಮಾವಳಿಗಳು ಬಂದವು: ಜುಲೈನಲ್ಲಿ ಅಪಾಯಕಾರಿ ತ್ಯಾಜ್ಯದ್ದು, ನವೆಂಬರಿನಲ್ಲಿ ಅಪಾಯಕಾರಿ ರಾಸಾಯನಿಕಗಳದ್ದು. ತುರ್ತು ಯೋಜನೆಯನ್ನು ಎರಡಾಗಿ ವಿಂಗಡಿಸಿದ್ದು ಎರಡನೆಯದು. ಆವರಣದೊಳಗಿನ ಯೋಜನೆ ಕಾರ್ಖಾನೆಯದು, ಹೊರಗಿನದು ಜಿಲ್ಲಾಡಳಿತದ್ದು; ಒಳಗಿನ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ, ಹೊರಗಿನದು ವರ್ಷಕ್ಕೊಮ್ಮೆ. ಹೀಗೆ ತ್ಯಾಜ್ಯ ಒಂದು ಕಡತಕ್ಕೂ ತುರ್ತು ಸ್ಥಿತಿ ಇನ್ನೊಂದು ಕಡತಕ್ಕೂ ಸೇರಿದವು.

ಆದರೆ ನೀರಿಗೆ ಈ ಕಡತಗಳ ಗೊಡವೆಯಿಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ, ಆರಿಸಲು ಸುರಿದ ನೀರೇ ಕೀಟನಾಶಕಗಳನ್ನು ರೈನ್ ನದಿಗೆ ಒಯ್ದಿತು. ಬೆಂಕಿ ಆರಿತು, ಮೀನುಗಳು ರಾಶಿರಾಶಿಯಾಗಿ ಸತ್ತವು.

ನಿಫಾಡಿನಲ್ಲಿ ಈ ಪಾಠಕ್ಕೆ ವಿಶೇಷ ತೂಕವಿದೆ. ಗೋದಾವರಿ–ಕಾಡ್ವಾ ನದಿಗಳ ಸಂಗಮದಲ್ಲಿ ಒಡ್ಡು ಕಟ್ಟಿದ್ದರಿಂದ ಮೈದಳೆದ ನಾಂದೂರ್ ಮಧ್ಮೇಶ್ವರ ಜೌಗುನೆಲ ಇದೇ ತಾಲ್ಲೂಕಿನದು. 1986ರಲ್ಲಿ ಅಭಯಾರಣ್ಯವಾದ ಅದು 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆನಿಸಿತು. ಇಲ್ಲಿ ದುರಂತ ಸಂಭವಿಸಿದೆಯೆಂದು ನಾವು ಹೇಳುತ್ತಿಲ್ಲ. ಇಂಥ ನೆಲದಲ್ಲಿ ಬರೆಯುವ ಯಾವ ಯೋಜನೆಯೂ ಬೆಂಕಿ ಆರಿಸಿದ ನೀರು ಎಲ್ಲಿ ನಿಲ್ಲುತ್ತದೆ, ನಿಲ್ಲದಿದ್ದರೆ ಎತ್ತ ಹರಿಯುತ್ತದೆ ಎಂಬುದನ್ನು ಮೊದಲು ಹೇಳಬೇಕು. ಅದು ದ್ರಾಕ್ಷಿ ಬೆಳೆಗಾರನಿಗೆ ಮರಾಠಿಯಲ್ಲೂ, ದೂರದಿಂದ ದುಡಿಯಲು ಬಂದವರಿಗೆ ಅವರವರ ನುಡಿಯಲ್ಲೂ ತಲುಪಬೇಕು. ಪರಭಾಷೆಯ ಊರಿನಲ್ಲಿ ಬಾಳುವ ನಾವು ಇದರ ಅಗತ್ಯವನ್ನು ಬಲ್ಲೆವು: ಅರ್ಥವಾಗದ ಎಚ್ಚರಿಕೆ ಬರಿಯ ಸದ್ದು.